ಅರ್ಧ ಚುಕ್ಕೆಯ ದೊಣೆ

ನಾನು ಕಂಪ್ಯೂಟರಿನಲ್ಲಿ ಬೆಟ್ಟ ಬರೆಯುವವಳು. ಹುಟ್ಟಿದ್ದು ಚನ್ನರಾಯನದುರ್ಗದ ಬುಡದಲ್ಲಿ. ಆದರೂ ಮೊನ್ನೆಮೊನ್ನೆಯವರೆಗೆ ಆ ಬೆಟ್ಟವನ್ನು ಪೂರ್ತಿ ಹತ್ತಿರಲಿಲ್ಲ. ಸಹೋದ್ಯೋಗಿಗಳಿಗೆ ಇದನ್ನು ಹೇಳಿಲ್ಲ. ನಿಮ್ಮಲ್ಲೇ ಇರಲಿ.

ನನ್ನ ಕಸುಬಿನ ಗುಟ್ಟೆಲ್ಲ ಒಂದು ಗಾದೆಯಲ್ಲಿದೆ: ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಪರದೆಯ ಮೇಲಿನ ಬೆಟ್ಟವೆಂದರೆ ಲಕ್ಷಾಂತರ ತ್ರಿಕೋನಗಳ ಹೊಲಿಗೆ. ಅಷ್ಟನ್ನೂ ಕ್ಷಣಕ್ಷಣಕ್ಕೆ ಬಿಡಿಸುತ್ತ ಕೂತರೆ ಯಂತ್ರಕ್ಕೆ ಏದುಸಿರು ಬರುತ್ತದೆ. ಅದಕ್ಕೇ ನೋಡುವ ಕಣ್ಣು ಹತ್ತಿರ ಬಂದಲ್ಲಿ ಸಣ್ಣ ಸಣ್ಣ ತ್ರಿಕೋನ, ದೂರ ಸರಿದಲ್ಲಿ ಒಂದೆರಡು ದೊಡ್ಡವು. ಒಂದು ಗುಳಿಯನ್ನು ಕೈಬಿಟ್ಟರೆ ಪರದೆಯಲ್ಲಿ ಅರ್ಧ ಚುಕ್ಕೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲವೇ? ಬಿಟ್ಟುಬಿಡಿ. ಯಾರಿಗೂ ಗೊತ್ತಾಗದಂತೆ ಬಿಡುವುದೇ ಈ ವಿದ್ಯೆಯ ಜಂಬ.

ನಿಂಗಮ್ಮನಿಗೆ ಗೊತ್ತಾಯಿತು.

ನಿಂಗಮ್ಮ ನಮ್ಮ ಎದುರು ಮನೆಯವಳು, ಕುರಿ ಕಾಯ್ದು ಬಾಳಿದವಳು. ಮಂಡಿ ಕೈಕೊಟ್ಟು ಬೆಟ್ಟ ಬಿಟ್ಟಿದ್ದಳು. ಆಮೇಲೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ. ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಹೋಗುತ್ತಿದೆ ಎಂದಿದ್ದರು ಡಾಕ್ಟರು. ಅವಳಿಗಿದ್ದದ್ದು ಒಂದೇ ಆಸೆ. ಬೆಟ್ಟದ ಮೇಲೆ ಬಂಡೆಯ ಗುಳಿಯಲ್ಲಿ ಮಳೆನೀರು ನಿಲ್ಲುವ ದೊಣೆಯೊಂದಿದೆ. ಕುರಿಗೆ ನೀರು ಕುಡಿಸಿ ಅವಳು ಮಧ್ಯಾಹ್ನಗಳನ್ನು ಕಳೆದ ಜಾಗ. ಕಣ್ಣಿರುವಾಗಲೇ ಅದನ್ನೊಮ್ಮೆ ನೋಡಬೇಕು.

ಯುಗಾದಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು, ನಾನು ಬರೆದ ನಮ್ಮ ಬೆಟ್ಟವನ್ನು ಗಿರ್ರನೆ ತಿರುಗಿಸಿ ತೋರಿಸಿದೆ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ದೊಣೆ ಎಲ್ಲವ್ವಾ?”

“ಅಲ್ಲೇ ಇದೆ. ದೂರದಿಂದ ಕಾಣಲ್ಲ, ಅಷ್ಟೆ.”

“ನಾನು ಹತ್ರಾನೇ ಕುಂತಿವ್ನಿ ಕಣಮ್ಮ.”

ಹತ್ತಿರಕ್ಕೆ ಒಯ್ದೆ. ಇರಲಿಲ್ಲ. ಕಡತ ಹಗುರವಾಗಲೆಂದು ಆ ಭಾಗವನ್ನು ಮೊದಲೇ ಸವರಿ ಹಾಕಿದ್ದವಳು ನಾನೇ. ಅಲ್ಲಿಯವರೆಗೆ ಯಾರ ಕಣ್ಣು ಬರುತ್ತದೆ ಎಂಬ ಧೈರ್ಯ.

“ಯಾವೂರ ಬೆಟ್ಟ ತಂದ್ಬುಟ್ಟೆ ಲೇ? ಇಲ್ಲಿ ನನ್ನ ಕುರಿ ನೀರಿಲ್ದೆ ಸಾಯ್ತವೆ” ಎಂದು ನಕ್ಕಳು.

ತಪ್ಪಾಯಿತು ಎನ್ನಬಹುದಿತ್ತು. ನಾನು ಅರ್ಧ ಚುಕ್ಕೆಯ ಸಿದ್ಧಾಂತ ವಿವರಿಸಿದೆ. ಅವಳು ಮರ್ಯಾದೆಯಿಂದ ಕೇಳಿ, “ಆಯ್ತು ಬುಡು” ಎಂದಳು. ಮುಂದಿನ ಸಲ ಸರಿಮಾಡಿ ತರುವೆನೆಂದೆ. ಎರಡು ಗಂಟೆಯ ಕೆಲಸ. ಆಗಿದ್ದು ದೀಪಾವಳಿಗೆ. ನಾನಿರುವುದು ಇಲ್ಲೇ ತುಮಕೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಊರು. ಆದರೂ ನನ್ನ ಲೆಕ್ಕದಲ್ಲಿ ನಿಂಗಮ್ಮ ದೂರವಿದ್ದಳು. ದೂರದ್ದಕ್ಕೆ ತ್ರಿಕೋನ ಕಡಿಮೆ.

ದೀಪಾವಳಿಯಲ್ಲಿ ದೊಣೆ ಇತ್ತು, ಅದರಲ್ಲಿ ನೀಲಿ ನೀರೂ ಇತ್ತು. ನಿಂಗಮ್ಮ ಪರದೆಯ ಮೇಲೆ ಅಂಗೈ ಇಟ್ಟಳು.

“ಬೆಳಕು ಗೊತ್ತಾಗ್ತದೆ. ಮಿಕ್ಕಿದ್ದು ನೀನೇ ಹೇಳು, ಹೆಂಗೈತೆ?”

“ನೀರಿದೆ.”

“ಅಂಚ್ನಾಗೆ?”

ಅಂಚಿನಲ್ಲಿ ಏನಿರುತ್ತದೋ ನನಗೆ ಗೊತ್ತಿರಲಿಲ್ಲ. ನನ್ನ ಕಡತಕ್ಕೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಿದೆ. ಎರಡು ಕಡೆ ಕೂತೆ, ಒಂದು ಕಡೆ ಅಂಬೆಗಾಲಿಟ್ಟೆ. ಪರದೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿರಲಿಲ್ಲ ಅದು. ದೊಣೆಯ ನೀರು ನೀಲಿಯಲ್ಲ, ಹಸಿರು. ಅಂಚಿನ ಬಂಡೆಯ ಮೇಲೆ ಕಲ್ಲಿನಿಂದ ಗೀಚಿದ ಹುಲಿ-ಕುರಿ ಆಟದ ಗೆರೆಮನೆ. ಇಳಿದು ಬಂದು ಹೇಳಿದೆ.

“ಅದ ಗೀಚಿದ್ದೇ ನಾನು!” ಅವಳ ಮುಖ ಅರಳಿತು. “ಪಕ್ದಾಗೆ ಇನ್ನೊಂದೈತಲ್ಲ, ಅದು?”

ಪಕ್ಕಕ್ಕೆ ನೋಡಿರಲಿಲ್ಲ.

ಈಗ ಬಿಡುವಿದ್ದ ಭಾನುವಾರಗಳಲ್ಲಿ ಹತ್ತುತ್ತೇನೆ. ನಾನು ಒಂದು ಬಂಡೆಯ ಸುದ್ದಿ ತಂದರೆ ಅವಳು ಅದರ ಬಿರುಕನ್ನು ಕೇಳುತ್ತಾಳೆ. ಬಿರುಕು ತಂದರೆ ಅದರಲ್ಲಿದ್ದ ಓತಿಕ್ಯಾತವನ್ನು. ಅವಳಿಗೆ ಕಣ್ಣಿದ್ದಾಗ ಎರಡು ಗಂಟೆ ಕೊಡದವಳು ನಾನು. ಅವಳು ಕೇಳಿದಷ್ಟು ಸಲ ಹತ್ತದೆ ವಿಧಿಯಿಲ್ಲ.