ಸಿಗ್ನಲ್ಲಿನಲ್ಲಿ ಕಲಗಚ್ಚು

ಮೊದಲು ಬಂದದ್ದು ಹೊಸ ಡಾಂಬರಿನ ವಾಸನೆ, ಅದರ ಹಿಂದೆಯೇ ಕಬ್ಬಿನ ಹಾಲಿನದು. ನಮ್ಮ ಪಾಂಡವಪುರದ ಸರ್ಕಲ್ಲಿನಲ್ಲಿ ರಸ್ತೆ ಮತ್ತೊಮ್ಮೆ ಹೊಸದಾಗಿದೆ. ಹಳೇ ಸಿಗ್ನಲ್ ಕಂಬ ಕಿತ್ತು ಸೆಕೆಂಡು ಎಣಿಸುವ ದೀಪ ಹಾಕಿದ್ದಾರೆ. ಟ್ರಾಕ್ಟರಿನಿಂದ ಉದುರಿದ ಜಲ್ಲೆಯೊಂದು ಲಾರಿ ಚಕ್ರಕ್ಕೆ ಸಿಕ್ಕಿ ಜಜ್ಜಿಹೋಗಿತ್ತು. ಕೆಂಪು ದೀಪಕ್ಕೆ ಸ್ಕೂಟರ್ ನಿಲ್ಲಿಸಿ ಕಾಲೂರಿದ್ದ ನನಗೆ ಟೀ ಅಂಗಡಿಯ ಅವ್ವ ನೆನಪಾದಳು...

ನಾನು ನಿಂತಿದ್ದ ಜಾಗವೇ ಅವಳದು. ಈಗ ಬಿಳಿ ಗೆರೆ ಎಳೆದಿರುವಲ್ಲಿ ಅವಳ ತಗಡಿನ ಅಂಗಡಿ ಇತ್ತು, ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಕಬ್ಬು ಅರೆಯುವ ಕಾಲದಲ್ಲಿ ತೊಣ್ಣೂರು ಕಡೆಯ ಎತ್ತಿನ ಗಾಡಿಗಳು ಕಾರ್ಖಾನೆಗೆ ಹೋಗುವ ಮುಂಚೆ ಅಲ್ಲಿ ನಿಲ್ಲುತ್ತಿದ್ದವು. ಗಾಡಿಯವನಿಗೆ ಟೀ, ಎತ್ತುಗಳಿಗೆ ಕಲಗಚ್ಚು. ಅಕ್ಕಿ ತೊಳೆದ ನೀರಿಗೆ ಉಳಿದ ಗಂಜಿ, ಒಂದು ಹಿಡಿ ಬೂಸಾ ಕಲಸಿ ಬಾನಿಯಲ್ಲಿ ಇಟ್ಟಿರುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳ ಟೀ ಅಷ್ಟಕ್ಕಷ್ಟೇ. ಎತ್ತು ನಿಲ್ಲುತ್ತಿತ್ತು, ಅದಕ್ಕೆ ಗಾಡಿಯವನೂ ಇಳಿಯುತ್ತಿದ್ದ.

ಮೊದಲ ಸಲ ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು, ಸಿಗ್ನಲ್ಲು ಬಂತು. ಅವ್ವ ಪಕ್ಕದ ಓಣಿಯಲ್ಲಿ ಒಂದು ಮಳಿಗೆ ಹಿಡಿದಳು. ಸರ್ಕಲ್ಲಿನಿಂದ ಅದು ಕಾಣುತ್ತಲೇ ಇರಲಿಲ್ಲ. ನೊಣ ಹೊಡೆಯುತ್ತ ಕೂತಿರುತ್ತಿದ್ದಳು. ಬರುವ ಕಬ್ಬಿನ ಕಾಲವೂ ಹೀಗೇ ಹೋದರೆ ಬಾಗಿಲು ಹಾಕುವುದೇ ಅಂದಿದ್ದಳು ನನ್ನ ಹತ್ತಿರ.

ಆ ವರ್ಷ ಕಬ್ಬು ಶುರುವಾದ ಮೊದಲ ಬೆಳಿಗ್ಗೆ ಒಂದು ಜೊತೆ ಎತ್ತು ನಡುರಸ್ತೆಯಲ್ಲಿ, ಅಂಗಡಿ ಇದ್ದ ಕಡೆಯೇ, ನಿಂತುಬಿಟ್ಟವು. ಹಿಂದೆ ಬಸ್ಸು, ಆಟೋ, ಹಾರ್ನು. ಪೊಲೀಸಿನವನು ಓಡಿಬಂದ.

"ಹಸಿರು ಬಿದ್ದದೆ, ಹೊಡ್ಯೋ ಲೇ!"

"ನಾನೇನ್ ಮಾಡ್ಲಿ ಸಾ, ಅವ್ವನ್ ಕಲ್ಗಚ್ಚು ಕುಡೀದೆ ಇವು ಕಾಲ್ ಕೀಳಾಕಿಲ್ಲ," ಅಂದ ಗಾಡಿಯವನು ಬಾರುಕೋಲು ಎತ್ತಿದ.

ಗಲಾಟೆ ಕೇಳಿ ಅವ್ವ ಓಣಿಯಿಂದ ಬಂದಳು, ಕೈಯಲ್ಲಿ ಕಲಗಚ್ಚಿನ ಬಕೆಟ್ಟು. "ವಡೀಬ್ಯಾಡ ಕಣ್ಲಾ! ನಿಮ್ ದೀಪ ಅವ್ಕೇನ್ ಗೊತ್ತು?"

ಅಲ್ಲಿ ಕುಡಿಸಲಿಲ್ಲ. ಬಕೆಟ್ಟನ್ನು ಅವುಗಳ ಮೂತಿಯ ಮುಂದೆ ಹಿಡಿದು, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಓಣಿಯೊಳಕ್ಕೆ ಕರೆದೊಯ್ದಳು. ಎತ್ತುಗಳು ಗಾಡಿ ಸಮೇತ ಅವಳ ಹಿಂದೆ ಹೋದವು. ಗಾಡಿಯವನು ವಿಧಿಯಿಲ್ಲದೆ ಟೀ ಕುಡಿದ. ಓಣಿಯ ಆಚೆ ತುದಿ ಕಾರ್ಖಾನೆ ರಸ್ತೆಗೇ ಸೇರುತ್ತಿದ್ದುದರಿಂದ ಯಾರಿಗೂ ನಷ್ಟವಿರಲಿಲ್ಲ. ಬಂದ ಜೋಡಿಗೆಲ್ಲ ಹೀಗೇ ಮಾಡಿದಳು. ಸಂಕ್ರಾಂತಿ ಹೊತ್ತಿಗೆ ಎತ್ತುಗಳು ತಾವೇ ಓಣಿಗೆ ತಿರುಗುತ್ತಿದ್ದವು, ದೀಪ ಯಾವ ಬಣ್ಣದ್ದೇ ಇರಲಿ. ಅಂಗಡಿ ಉಳಿಯಿತು. ಟೀ ಮಾತ್ರ ಹಾಗೇ ಇತ್ತು...

ಆಮೇಲೆ ಟ್ರಾಕ್ಟರುಗಳು ಹೆಚ್ಚಿದವು. ಒಂದು ಮಳೆಗಾಲದಲ್ಲಿ ಅವ್ವನೂ ತೀರಿಕೊಂಡಳು. ಆ ವರ್ಷದ ಕಬ್ಬಿಗೆ ಮುದಿ ಜೋಡಿಯೊಂದು ಓಣಿಗೆ ತಿರುಗಿ, ಮುಚ್ಚಿದ ಬಾಗಿಲ ಮುಂದೆ ನಿಂತಿತು. ಗಾಡಿಯವನು ಹೊಡೆಯಲಿಲ್ಲ, ಇಳಿದು ಜಗಲಿಯ ಮೇಲೆ ಕೂತ. ನಾನು ನನ್ನ ಅಂಗಡಿಯಿಂದ ಒಂದು ಬಕೆಟ್ಟು ನೀರು ತಂದಿಟ್ಟೆ. ಎತ್ತುಗಳು ಮೂಸಿದವು, ಕುಡಿಯಲಿಲ್ಲ. ಅವಳ ಮಣ್ಣಿಗೆ ಹೋದಾಗ ಬಾರದ ಅಳು ನನಗೆ ಆಗ ಬಂತು.

ಇವತ್ತು ಸೆಕೆಂಡುಗಳು ಮುಗಿದು ದೀಪ ಬದಲಾಯಿತು. ನಾನು ಓಣಿಯ ಕಡೆಯೇ ನೋಡುತ್ತಿದ್ದೆ.

"ಓಗಣ್ಣೋ, ಹಸಿರು ಬಿದ್ದದೆ!" ಹಿಂದಿನ ಆಟೋದವನು ಕೂಗಿದ.

ಬಕೆಟ್ಟು ಹಿಡಿದು ಓಣಿಯಿಂದ ಯಾರೂ ಬರುವುದಿಲ್ಲ. ಗೊತ್ತಿದ್ದೂ ಇನ್ನೊಂದು ಗಳಿಗೆ ನಿಂತೇ ಇದ್ದೆ.