ಅಳತೆ ಬರೆದವಳು ನಾನು

ಇಚಲಕರಂಜಿಯ ಹೊಲಿಗೆ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಶಾಲಾ ಸಮವಸ್ತ್ರ ಹೊಲಿದ ಮೇಲೆ ಮಾಲೀಕರು ನನ್ನನ್ನು ಸೂಪರ್‌ವೈಸರ್ ಮಾಡಿದರು. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಚುರಮುರಿ ಹಂಚಿಕೊಂಡವರಿಗೆ ಇವತ್ತು ಕೆಲಸ ಹೇಳುವುದು ಹೇಗೆ? ನನ್ನ ತೊಳಲಾಟ ಕಂಡು ಮಾಲೀಕರೇ ಒಂದು ಪುಸ್ತಕ ತಂದುಕೊಟ್ಟರು. ದೊಡ್ಡ ಕಂಪನಿ ನಡೆಸಿದ ಅಧಿಕಾರಿಯೊಬ್ಬರ ಆತ್ಮಕಥೆ, ಮರಾಠಿಯಲ್ಲಿ.

"ಇದನ್ನ ಓದ್ರಿ ಬಾಯಿ. ಮಂದೀನ್ನ ಹ್ಯಾಂಗ ನಡಸಬೇಕಂತ ಭಾಳ ಚೊಲೋ ಬರದಾರ," ಎಂದರು.

ಪೆನ್ಸಿಲ್ ಹಿಡಿದು ಓದಿದೆ. ಆ ಅಧಿಕಾರಿ ದಿನಾ ಬೆಳಿಗ್ಗೆ ಎಲ್ಲರ ಬಳಿ ಹೋಗಿ ಮನೆಮಂದಿಯ ಕ್ಷೇಮ ವಿಚಾರಿಸುತ್ತಿದ್ದರಂತೆ. ಮರುದಿನ ನಾನೂ ಮೆಷಿನ್ನಿನಿಂದ ಮೆಷಿನ್ನಿಗೆ ಹೋಗಿ ವಿಚಾರಿಸಿದೆ. ಮೂರನೆಯ ಸಾಲು ಮುಟ್ಟುವಷ್ಟರಲ್ಲಿ ಒಬ್ಬಳು ಗಾಬರಿಯಾಗಿ ಕೇಳಿದಳು: "ಅಕ್ಕಾರ, ಯಾರನ್ನರ ಕೆಲಸದಿಂದ ತಗಿಯಾಕತ್ತೀರೇನ್ರಿ?"

ಮುಂದಾಳು ತಡವರಿಸಬಾರದು, ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಡಬೇಕು ಎಂದೂ ಅದರಲ್ಲಿತ್ತು. ಅದಕ್ಕೆ ಎರಡು ಗೆರೆ ಎಳೆದಿದ್ದೆ.

ಶಾಲೆ ಶುರುವಾಗುವ ಮುಂಚಿನ ಗಡಿಬಿಡಿಯಲ್ಲಿ ಒಂದು ದಿನ ಅಂಗಿಯ ಕಾಲರುಗಳೆಲ್ಲ ಕುತ್ತಿಗೆಗೆ ಸಣ್ಣವಾದವು. ಅವನ್ನು ಕತ್ತರಿಸಿದ್ದು ಉದಗಾಂವದಿಂದ ಬರುತ್ತಿದ್ದ ಹಿರಿಯ ಹೆಂಗಸು; ನಾವೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು.

"ಯಾರು ಕತ್ತರಿಸ್ಯಾರ ಇದನ್ನ?" ಎಂದು ಮಾಲೀಕರು ಕೂಗಾಡುತ್ತ ಬಂದರು.

ನಾನು ತಡವರಿಸಲಿಲ್ಲ, ಮಾವಶಿಯತ್ತ ಕೈ ತೋರಿಸಿದೆ. ಅದು ಸುಳ್ಳಲ್ಲ. ಆದರೆ ಕತ್ತರಿಸಲು ಅವರಿಗೆ ಕೊಟ್ಟ ಚೀಟಿಯಲ್ಲಿ ಅಳತೆ ತಪ್ಪು ಬರೆದವಳು ನಾನು. ಎಲ್ಲರೆದುರು ಬೈಸಿಕೊಂಡ ಮಾವಶಿ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೋದವರು ಮರುದಿನ ಬರಲಿಲ್ಲ.

ಆ ಭಾನುವಾರ ತವರುಮನೆ ನೂಲಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಪುಸ್ತಕ ತೆರೆದೆ. ಅದರಲ್ಲಿ ಆ ಅಧಿಕಾರಿಯ ಕಂಪನಿಯ ಒಂದು ದೊಡ್ಡ ಕೆಲಸ ಕೆಟ್ಟಿತ್ತು. ಒಬ್ಬ ಕಿರಿಯ ಇಂಜಿನಿಯರ್ ಕೆಲಸ ಬಿಟ್ಟು ಹೋದ ಎಂದು ಒಂದೇ ಸಾಲು. ಮುಂದಿನ ಪುಟದಲ್ಲಿ ಅಧಿಕಾರಿಗೆ ಬಡ್ತಿ. ನಾನು ಆ ಸಾಲಿನಲ್ಲೇ ಸಿಕ್ಕಿಕೊಂಡೆ. ಅವನು ಎಲ್ಲಿಗೆ ಹೋದ? ತಪ್ಪು ಅವನದೇ ಇತ್ತೇ? ಬರೆದವರ ಮೇಲೆ ಸಿಟ್ಟು ಬರಲಿಲ್ಲ. ಅವರಿಗೂ ನನ್ನ ಹಾಗೇ ಹೆದರಿಕೆಯಾಗಿರಬಹುದು ಅನ್ನಿಸಿತು. ಕೊಲ್ಹಾಪುರದಲ್ಲಿ ಇಳಿದವಳು ತವರಿನ ಕಡೆಯ ಗಡಹಿಂಗ್ಲಜದ ಬಸ್ಸು ಹತ್ತಲಿಲ್ಲ, ಉದಗಾಂವಕ್ಕೆ ಹೋಗಲು ಜಯಸಿಂಗಪುರದ ಬಸ್ಸು ಹತ್ತಿದೆ.

ಮಾವಶಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಮೊದಲು ಚಹಾ ಕೊಟ್ಟರು. ನಾನು ಲೋಟ ಕೆಳಗಿಟ್ಟು ಎಲ್ಲ ಹೇಳಿದೆ.

"ಅವತ್ತ ಗೊತ್ತಿತ್ತ ನನಗ. ಚೀಟಿ ನನ್ನ ಹಂತ್ಯಾಕ ಐತಿ," ಎಂದರು.

"ಮತ್ತ ಯಾಕ ತೋರಸಲಿಲ್ರಿ?"

"ನೀ ಹೇಳ್ತಿ ಅಂತ ಕಾದೆ."

ನನಗೆ ಅಳು ಬಂತು. ತಪ್ಪಾಯಿತು ಎಂದೆ. ಮಾವಶಿ ಶೇಂಗಾದ ಮೇಲಿಂದ ಕಣ್ಣೆತ್ತಲಿಲ್ಲ. "ಬೈಸಿಕೊಂಡಿದ್ದು ಎಲ್ಲಾರ ಮುಂದ, ತಂಗಿ. ಮಾಫಿ ನನ್ನ ಅಂಗಳದಾಗ ಕೇಳಿದರ ಹ್ಯಾಂಗ?"

ಸೋಮವಾರ ಮೆಷಿನ್ನುಗಳು ಶುರುವಾಗುವ ಮೊದಲೇ ಎಲ್ಲರನ್ನೂ ಕರೆದೆ. ಮಾಲೀಕರನ್ನೂ ಕರೆದೆ. "ಅಳತಿ ತಪ್ಪು ಬರದಾಕಿ ನಾನು. ಮಾವಶಿದು ಏನೂ ತಪ್ಪಿಲ್ಲ," ಎಂದು ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಯಲ್ಲೂ ಹೇಳಿದೆ. ಸೂಪರ್‌ವೈಸರ್ ಕೆಲಸ ಹೋಯಿತೆಂದೇ ತಿಳಿದಿದ್ದೆ.

ಮಾಲೀಕರು ಕನ್ನಡಕ ತೆಗೆದು ಒರೆಸಿದರು. "ಕೇಳದ ಬೈದಾಂವ ನಾನು. ನಡೀರಿ, ಉದಗಾಂವಕ್ಕ ನಾನೂ ಬರ್ತೇನಿ," ಎಂದರು.

ನಾಲ್ಕು ದಿನ ಬಿಟ್ಟು ಮಾವಶಿ ಕೆಲಸಕ್ಕೆ ಬಂದರು. ಚೀಟಿಯನ್ನು ಇಬ್ಬರೂ ಗಟ್ಟಿಯಾಗಿ ಓದಿದ ಮೇಲೆಯೇ ಕತ್ತರಿ ಹಿಡಿಯುತ್ತೇನೆ ಎಂದು ಷರತ್ತು ಹಾಕಿದರು. ಆಮೇಲೆ ನಿಧಾನವಾಗಿ ಇನ್ನೊಂದು ಬದಲಾವಣೆಯೂ ಕಂಡಿತು. ಹೊಲಿಗೆ ಓರೆಯಾದರೆ ಅಂಗಿಯನ್ನು ಬಟ್ಟೆ ಗಂಟಿನ ಕೆಳಗೆ ಮುಚ್ಚಿಡುತ್ತಿದ್ದವರು ಈಗ ತಾವಾಗಿಯೇ ಎದ್ದು ಬಂದು, "ಅಕ್ಕಾರ, ಇಲ್ಲಿ ನಂದ ತಪ್ಪಾಗೇತ್ರಿ," ಎಂದು ತೋರಿಸತೊಡಗಿದರು.

ಮಾವಶಿ ಮಾತ್ರ ಮಳೆಗಾಲವಿಡೀ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ನಾನೂ ಒತ್ತಾಯ ಮಾಡಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಜಿನ ಮೇಲೆ ಬಟ್ಟೆ ಹಾಸಿ ಅವರೇ ಕರೆದರು: "ಹೊಲಿಯೋದಷ್ಟ ಗೊತ್ತ ನಿನಗ. ಬಾ, ಅರಬಿ ಹಿಡಿ. ಕತ್ತರಸೋದ ಕಲಿ."