ಸಿಗದ ಕಣಗಳನ್ನು ಹುಡುಕಿದ ವರ್ಷಗಳು

ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ ನಾನು ದೆಹಲಿಯಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಸೈನ್ಯದಿಂದ ನಿವೃತ್ತರಾದ ಅಪ್ಪ, ಅಮ್ಮ ಮತ್ತು ನಾನು ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿದ್ದೆವು.

ವಿಶ್ವ ಹುಟ್ಟಿದ ಹೊಸದರಲ್ಲೇ ಪುಟ್ಟ ಕಪ್ಪು ಕುಳಿಗಳು ಉಂಟಾಗಿದ್ದಿರಬಹುದು. ಅವು ನಿಧಾನವಾಗಿ ಆವಿಯಾಗುತ್ತ ಎಲ್ಲ ಬಗೆಯ ಕಣಗಳನ್ನೂ ಹೊರಗೆಸೆಯುತ್ತವೆ ಎನ್ನುತ್ತದೆ ಸಿದ್ಧಾಂತ. ವಿಶ್ವದ ತುಂಬ ಇದೆಯೆನ್ನುವ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಎಂಬ ದ್ರವ್ಯ ಹಗುರ ಕಣಗಳಿಂದಾಗಿದ್ದರೆ ಅವೂ ಆ ಗುಂಪಿನಲ್ಲಿರಬೇಕು. ವಿದೇಶದ ಗಣಿಯೊಂದರ ಆಳದಲ್ಲಿದ್ದ ಉಪಕರಣಕ್ಕೆ ಅಂಥ ಕಣ ಬಡಿದಿದೆಯೇ ಎಂದು ಅದರ ಮಾಹಿತಿಯಲ್ಲಿ ಹುಡುಕುವುದು ನನ್ನ ಕೆಲಸ.

ಒಂದು ಬೇಸಿಗೆಯಲ್ಲಿ ಲೆಕ್ಕ ಮುಗಿಯಿತು. ಸುತ್ತಲಿನ ಕಲ್ಲು, ಲೋಹಗಳ ವಿಕಿರಣದಿಂದ ಬರುವ ಮಾಮೂಲಿ ಬಡಿತಗಳನ್ನು ಕಳೆದರೆ ಏನೂ ಉಳಿಯಲಿಲ್ಲ. ಇಂಥ ಕುಳಿಗಳು ಇಂತಿಷ್ಟಕ್ಕಿಂತ ಹೆಚ್ಚಿರಲಾರವು ಎಂದು ಒಂದು ಮಿತಿ ಹಾಕಿ ಬರೆಯಲು ಗೈಡ್ ಹೇಳಿದರು. ನಾನು ಮನೆಗೆ ಬಂದು ವಿಷಯ ತಿಳಿಸಿ ಊಟ ಬೇಡವೆಂದೆ.

"ಇಷ್ಟು ವರ್ಷ ಹುಡುಕಿ ಏನೂ ಸಿಗಲಿಲ್ಲ ಅಂದ್ರೆ ಹೇಗೆ?" ಎಂದರು ಅಮ್ಮ.

ಕೂಲರಿಗೆ ನೀರು ತುಂಬುತ್ತಿದ್ದ ಅಪ್ಪ ಬಕೆಟ್ ಕೆಳಗಿಟ್ಟರು. ಸೈನ್ಯದ ಮಾತನ್ನು ಅವರು ಮನೆಯಲ್ಲಿ ಆಡುತ್ತಿದ್ದುದೇ ಅಪರೂಪ.

"ಒಂದ್ಸಲ ಹಿಮ ಕುಸಿದು ನಮ್ಮ ಜವಾನನೊಬ್ಬ ಅಡಿಯಲ್ಲಿ ಸಿಕ್ಕಿಕೊಂಡ. ಉದ್ದ ಕೋಲು ಚುಚ್ಚಿ ಚುಚ್ಚಿ ಹುಡುಕಿದ್ವಿ."

"ಸಿಕ್ಕಿದ್ನಾ?" ಎಂದೆ.

"ನಮಗೆ ಸಿಗಲಿಲ್ಲ. ಎಲ್ಲೆಲ್ಲಿ ಇಲ್ಲ ಅಂತ ಗೊತ್ತಾಯ್ತೋ ಅಲ್ಲೆಲ್ಲ ಗುರುತಿಗೆ ಕೆಂಪು ಬಾವುಟ ನೆಟ್ಟು ಇಳಿದ್ವಿ. ಮಾರನೇ ದಿನ ಬಂದವರು ಆ ಜಾಗ ಬಿಟ್ಟು ಪಕ್ಕದಲ್ಲಿ ಹುಡುಕಿದ್ರು. ಅವರಿಗೆ ಸಿಕ್ಕ."

"ಜೀವ ಇತ್ತಾ?" ಅಮ್ಮ ಕೇಳಿದರು.

"ಇಲ್ಲ. ಊರಿಗೆ ಕಳಿಸೋಕೆ ದೇಹ ಸಿಕ್ತು."

ಅಮ್ಮ ಅಲ್ಲೇ ಕುರ್ಚಿಯ ಮೇಲೆ ಕುಳಿತರು. ಅವರಿಗೂ ಇದು ಹೊಸ ಸುದ್ದಿ. ಸ್ವಲ್ಪ ಹೊತ್ತಿನ ಮೇಲೆ ಮೂವರೂ ಊಟಕ್ಕೆ ಕುಳಿತೆವು.

ಆ ಮಿತಿಯ ಬಗ್ಗೆ ನಾನು ಬರೆದ ಲೇಖನವನ್ನು ಒಂದು ವಿಜ್ಞಾನ ಪತ್ರಿಕೆ ಬೇಡವೆಂದಿತು, ಇನ್ನೊಂದು ತೆಗೆದುಕೊಂಡಿತು. ಮೌಖಿಕ ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅರ್ಧ ಹೊತ್ತು ನಿದ್ದೆ ಹೋದರು ಎಂದು ಅಮ್ಮ ಆಮೇಲೆ ಹೇಳಿದರು. ಚಹಾದ ಹೊತ್ತಿನಲ್ಲಿ ಮಾತ್ರ ಗೈಡ್ ಬಳಿ ಹೋಗಿ, ಉಳಿದ ಜಾಗವನ್ನು ಯಾವಾಗ ಹುಡುಕುತ್ತಾರೆ ಎಂದು ಹಿಂದಿಯಲ್ಲಿ ಕೇಳಿದರು. ಇನ್ನೂ ದೊಡ್ಡ ಉಪಕರಣ ಬೇಕು, ಹಲವು ವರ್ಷ ಹಿಡಿಯಬಹುದು ಎಂದರು ಗೈಡ್.

"ಅಚ್ಛಾ" ಎಂದು ಅಪ್ಪ ಇನ್ನೊಂದು ಸಮೋಸ ತೆಗೆದುಕೊಂಡರು. ಅಂಥ ಉಪಕರಣ ಕಟ್ಟುತ್ತಿದ್ದ ತಂಡವೊಂದಕ್ಕೆ ನಾನು ಮರುವಾರ ಅರ್ಜಿ ಹಾಕಿದೆ.